ಸೊಸೆಯ ಕಾಲ್ಗುಣಕ್ಕೊಂದು ಪರೀಕ್ಷೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಜನ ಈಗ ಒಮ್ಮೆ ಆಚೀಚೆ ನೋಡುತ್ತಾರೆ. ಮಹಾನಂದಾ ಹತ್ತಿರದಲ್ಲಿ ಇಲ್ಲ ಎಂದು ಖಾತ್ರಿಯಾದ ಮೇಲೆಯೇ “ನೋಡ್ರಿ, ಖರೆ ಅಂತು” ಎಂದು ನೆಲಕ್ಕೆ ಬೆರಳು ಬಡಿಯುತ್ತಾರೆ. ಇದಕ್ಕೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನವೇ ಕಾರಣ.

ಅವತ್ತು ಪಕ್ಕದ ಮನೆಯ ದುರ್ಗವ್ವ ತನ್ನ ನಾದಿನಿಯ ಬಗ್ಗೆ ಏನೋ ಒಂದು ಹೇಳಿದ್ದಳು, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತ್ತು, ದುರ್ಗವ್ವ ಗೆದ್ದಿದ್ದಳು. ಮಹಾನಂದಾ ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿದ್ದರೆ ಅವಳು ಮಹಾನಂದಾ ಹೇಗಾದಾಳು? “ಖರೆ ಹೇಳಿದಾಗ ಲೊಚಗುಡ್ತೈತಿ, ಆತು. ಸುಳ್ಳ ಹೇಳಿದಾಗ ಸುಮ್ನ ಇರ್ತೈತೇನು? ಯಾರರ ನೋಡೀರೇನು?” ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ಸರಿ, ಊಟ ಮುಗಿಸಿ, ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟುಕೊಂಡು ಹಲ್ಲಿಯ ಎದುರು ಕೂತೇಬಿಟ್ಟಳು. ಅಷ್ಟಮಿಯ ದಿನ “ಇವತ್ತ ಅಮಾಸಿ” ಅಂದಳು. “ನಮ್ಮ ಮನಿ ಮುಂದ ಹೊಳಿ ಹರೀತೈತಿ” ಅಂದಳು. ಸಂಜೆಯೊಳಗೆ ಹನ್ನೊಂದು ಸುಳ್ಳು ಹೇಳಿ ಮುಗಿಸಿದಳು. ಹಲ್ಲಿ ನಾಲ್ಕಕ್ಕೆ ಲೊಚಗುಟ್ಟಿತು. ಅದರಲ್ಲೂ “ನಮ್ಮ ಮನಿಯವರಿಗೆ ಸಿಟ್ಟಂಬೂದ ಗೊತ್ತಿಲ್ಲ” ಎಂದದ್ದಕ್ಕೆ ಎರಡೆರಡು ಸಲ ಲೊಚಗುಟ್ಟಿತಂತೆ. ಆ ಹೊತ್ತಿಗೆ ಮಗ್ಗದಿಂದ ಎದ್ದುಬಂದ ಅವಳ ಗಂಡ ಅಮೀನಪ್ಪ, ಹೆಂಡತಿ ಗೋಡೆಯ ಜೊತೆ ಮಾತಾಡುವುದನ್ನು ನೋಡಿ, ಚಹಾ ಕೇಳದೆ ವಾಪಸ್ಸು ಹೋದ.

ಮಹಾನಂದಾ ಓದಿದ್ದು ಕಮತಗಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ. ದೇವರಿಲ್ಲ ಎನ್ನುವ ಪೈಕಿ ಅಲ್ಲವೇ ಅಲ್ಲ. ಬಾದಾಮಿ ಬನಶಂಕರಿಗೆ ವರ್ಷಕ್ಕೊಮ್ಮೆ ಹೋಗಲೇಬೇಕು, ಶ್ರಾವಣ ಶನಿವಾರ ತುಳಸಿಗೇರಿ ಹಣಮಪ್ಪನ ಗುಡಿಗೆ ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗುತ್ತಾಳೆ. “ಕೈ ಮುಗಿಯೂದು ಬ್ಯಾರೆ, ಹೊಟ್ಟಿನೋವಿಗೆ ಗುಳಿಗಿ ತಗೊಳ್ಳೂದು ಬ್ಯಾರೆ. ಹಣಮಪ್ಪಗ ಇದು ಗೊತ್ತೈತಿ, ನಿಮಗ ಗೊತ್ತಿಲ್ಲ” ಎನ್ನುತ್ತಾಳೆ. ಈ ಬುದ್ಧಿ ಅವಳಿಗೆ ಸಾಲಿಯಿಂದ ಬಂದದ್ದಲ್ಲ, ಮಗ್ಗದಿಂದ ಬಂದದ್ದು. ನೇಯ್ಗೆ ಕೆಟ್ಟಾಗ ಒಮ್ಮೆಗೆ ಎರಡು ಕಡೆ ಕೈ ಹಾಕಬೇಡ, ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಸಾಯೋತನಕ ತಿಳಿಯುವುದಿಲ್ಲ ಎಂದು ಅವಳ ಅಪ್ಪ ಹೇಳುತ್ತಿದ್ದನಂತೆ. ಅಪ್ಪ ದಡಿಯ ವಿನ್ಯಾಸದ ಬಗ್ಗೆ ಹೇಳಿದ. ಮಗಳು ಅದನ್ನು ಇಡೀ ಜಗತ್ತಿಗೆ ಹಚ್ಚಿದಳು. ಇಂಥವಳ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎನ್ನುವುದನ್ನು ಅಮೀನಪ್ಪನನ್ನೇ ಕೇಳಬೇಕು. ಮೂವತ್ತೊಂದು ವರ್ಷದಲ್ಲಿ ಅವನು ಒಂದು ಮಾತನ್ನೂ ಪರೀಕ್ಷೆಯಿಲ್ಲದೆ ಪಾಸು ಮಾಡಿಸಿಕೊಂಡವನಲ್ಲ.

ಹೋದ ವರ್ಷ ಮಾಘ ಮಾಸದಲ್ಲಿ ಮಗ ಮುತ್ತುರಾಜನ ಮದುವೆಯಾಯಿತು. ಮುತ್ತುರಾಜ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾನೆ. ಅಪ್ಪ ಹೇಳಿದ್ದಕ್ಕೂ ತಲೆ ಆಡಿಸುತ್ತಾನೆ, ಅವ್ವ ಹೇಳಿದ್ದಕ್ಕೂ ತಲೆ ಆಡಿಸುತ್ತಾನೆ, ಆ ಮನೆಯಲ್ಲಿ ಉಳಿದುಕೊಳ್ಳುವ ದಾರಿ ಅವನಿಗೆ ಗೊತ್ತು. ಸೊಸೆ ಚೇತನಾ ಶಿವಯೋಗ ಮಂದಿರದ ಕಡೆಯವಳು, ಮಲಪ್ರಭೆಯ ದಂಡೆಯಲ್ಲಿ ಬೆಳೆದವಳು. ಇಳಕಲ್ಲಿನ ಓಣಿಯ ತಗಡಿನ ಮನೆಯಲ್ಲಿ ಮಗಳಿಗೆ ಸೆಕೆಯಾದೀತೆಂದು ಅವಳ ಅಪ್ಪ ಹನಮಂತಪ್ಪ ಬೇರೆ ಸಾಮಾನಿನ ಜೊತೆ ಎದೆಮಟ್ಟದ ಒಂದು ಸ್ಟ್ಯಾಂಡ್ ಫ್ಯಾನನ್ನೂ ಮದುವೆಯ ಆಹೇರಿಯಾಗಿ ಕೊಟ್ಟಿದ್ದ. ಹುಡುಗಿ ಮಾತು ಕಡಿಮೆ, ಕೈ ಚುರುಕು. ಬಂದ ವಾರದಲ್ಲೇ ರಾಟಿ ಹಿಡಿದು ಲಾಳಿಯ ಕಂಡಿಕೆಗೆ ನೂಲು ಸುತ್ತತೊಡಗಿದಳು. ಮಹಾನಂದಾಳಿಗೆ ಅವಳನ್ನು ನೋಡಿದರೆ ಹೊಟ್ಟೆ ತಂಪಾಗುತ್ತಿತ್ತು.

ಅದೇ ವಾರ ಮಗ್ಗದಲ್ಲಿ ಎಳೆ ಹರಿಯಲು ಶುರುವಾಯಿತು.

ಮಗ್ಗದ ಕೋಣೆ ಉದ್ದನೆಯದು. ಈ ತುದಿಯಲ್ಲಿ ನೆಲದ ಕುಣಿಗೆ ಕಾಲಿಳಿಬಿಟ್ಟು ಅಮೀನಪ್ಪ ಕೂಡುತ್ತಾನೆ. ಅವನ ಮುಂದಿನಿಂದ ಹಾಸಿನ ಎಳೆಗಳು, ಗಂಜಿ ಹಾಕಿದ ಸಾವಿರಾರು ಹತ್ತಿಯ ಎಳೆಗಳು, ಆ ತುದಿಯ ಗೂಟದ ತನಕ ಬಿಗಿದು ನಿಂತಿರುತ್ತವೆ. ಗೂಟದಾಚೆಯ ಮೂಲೆಯಲ್ಲಿ ರಾಟಿ. ದಿನಕ್ಕೆ ಏಳೆಂಟು ಎಳೆ ಹರಿಯುವುದು ಯಾವ ಮಗ್ಗಕ್ಕೂ ಇದ್ದದ್ದೇ. ಹರಿದಾಗಲೆಲ್ಲ ಮಗ್ಗ ನಿಲ್ಲಿಸಿ, ತುದಿ ಹುಡುಕಿ ಗಂಟು ಹಾಕಬೇಕು. ಈಗ ದಿನಕ್ಕೆ ಇಪ್ಪತ್ತೈದು, ಮೂವತ್ತು ಹರಿಯತೊಡಗಿದವು. ಅಮೀನಪ್ಪ ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಯಿತು. ನೂಲು ಬದಲಿಸಿದ, ಗಂಜಿ ಬದಲಿಸಿದ, ಎರಡನ್ನೂ ಒಟ್ಟಿಗೇ ಬದಲಿಸಿದ. ಮಹಾನಂದಾ ಹಣೆ ಹಣೆ ಬಡಿದುಕೊಂಡಳು. ಏನೂ ಆಗಲಿಲ್ಲ.

ಕೊನೆಗೆ ಒಂದು ದಿನ ಅಮೀನಪ್ಪ ಆ ಮಾತು ಆಡಿದ. ಸೊಸೆಗಲ್ಲ, ಮಗ್ಗಕ್ಕೆ ಹೇಳಿದ. ಆದರೆ ಮಗ್ಗಕ್ಕೆ ಹೇಳುವ ಮಾತು ಅಡಿಗೆಮನೆಗೆ ಕೇಳುವಷ್ಟು ಜೋರಾಗಿ ಇರಬೇಕಿರಲಿಲ್ಲ. “ಮನಿಗೆ ಬರೂ ಹೆಣ್ಮಕ್ಕಳ ಕಾಲ್ಗುಣ ನೋಡಬೇಕಂತ ಹಿರ್ಯಾರು ಸುಮ್ನ ಅಂದಾರೇನು?”

ಮಾತು ಹೊರಬಿದ್ದದ್ದೇ ತಡ, ಓಣಿಯ ರಾಚಪ್ಪ ಒಳಗೆ ಬಂದ. ಅವನದು ಮೂಲೆಯಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ. ಅಂಗಡಿಯಲ್ಲಿ ಕೂತು ಕೂತು ಅವನಿಗೆ ವಿಜ್ಞಾನವೆಲ್ಲ ವಾಟ್ಸಾಪಿನಲ್ಲೇ ಬಂದು ಸೇರಿದೆ.

“ಅಕ್ಕಾರ, ಇದು ಮೂಢನಂಬಿಕಿ ಅಲ್ಲರಿ. ಪಕ್ಕಾ ಸೈನ್ಸ್” ಅಂದ. “ಮನಶ್ಯಾನ ಮೈಯಾಗ ಕರೆಂಟ್ ಇರ್ತೈತಿ. ಕೆಲವರದು ಪಾಸಿಟಿವ್, ಕೆಲವರದು ನೆಗೆಟಿವ್. ನೆಗೆಟಿವ್ ಇದ್ದವರು ಬಾಜೂಕ ಕುಂತ್ರ ಎಳಿ ತಡಕೊಳ್ಳೂದಿಲ್ಲ. ಹೊರದೇಶದಾಗ ಕಂಡುಹಿಡದಾರ.”

“ಯಾವ ದೇಶದಾಗ?” ಮಹಾನಂದಾ ಕೇಳಿದಳು.

“ಹೊರದೇಶದಾಗ್ರಿ.”

“ಅಲ್ಲೆ ಇಳಕಲ್ ಸೀರಿ ನೇಯ್ತಾರೇನು?”

ರಾಚಪ್ಪ ಮೊಬೈಲು ತೆಗೆದು ತೋರಿಸಿದ. ಬಿಳಿ ಅಂಗಿಯ ಒಬ್ಬ ಮನುಷ್ಯ, ಕೆಳಗೆ ಕೆಂಪು ಅಕ್ಷರ. ಮಗ್ಗದ ಗೂಟಕ್ಕೆ ತಾಮ್ರದ ಪಟ್ಟಿ ಸುತ್ತಿದರೆ ನೆಗೆಟಿವ್ ಇಳಿಯುತ್ತದಂತೆ. ಅಮೀನಪ್ಪ ಅದನ್ನೂ ಸುತ್ತಿದ. ಅವತ್ತು ಇಪ್ಪತ್ತೊಂಬತ್ತು ಎಳೆ ಹರಿದವು. ಪಟ್ಟಿ ಸಣ್ಣದಾಯಿತು ಎಂದು ರಾಚಪ್ಪ ಹೇಳಿದ.

ತಮಾಷೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮರುದಿನ ಊಟದ ಹೊತ್ತಿಗೆ ಅಮೀನಪ್ಪ ತಟ್ಟೆಯಿಂದ ಕಣ್ಣೆತ್ತದೆ, “ಯುಗಾದಿ ತನಕ ಹುಡುಗಿ ತವರಮನ್ಯಾಗ ಇರ್ಲಿ. ಬೀಗರಿಗೆ ಫೋನ್ ಮಾಡ್ತೇನಿ” ಅಂದ. ಮಹಾನಂದಾಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಮದುವೆಯಾಗಿ ತಿಂಗಳು ತುಂಬಿಲ್ಲ. ಎಳೆ ಹರಿಯುತ್ತದೆಂದು ತವರಿಗೆ ಕಳಿಸಿದ ಹುಡುಗಿಯನ್ನು ಯುಗಾದಿಗೆ ವಾಪಸ್ಸು ಕರೆತಂದರೂ, ಆ ಹೆಸರು ಅವಳ ಬೆನ್ನು ಬಿಡುವುದಿಲ್ಲ. ನಾಳೆ ಮನೆಯಲ್ಲಿ ಹಾಲು ಒಡೆದರೂ ಅವಳದೇ ಕಾಲ್ಗುಣ, ಯಾರಿಗೋ ಜ್ವರ ಬಂದರೂ ಅವಳದೇ ಕಾಲ್ಗುಣ. ಇದು ಮಹಾನಂದಾಳಿಗೆ ಚೆನ್ನಾಗಿ ಗೊತ್ತಿತ್ತು.

“ಎಂಟ ದಿನಾ ಕೊಡ್ರಿ. ನಾ ಲೆಕ್ಕಾ ಇಡ್ತೇನಿ” ಅಂದಳು.

“ಇಡು. ಲೆಕ್ಕಾನ ಹೇಳ್ಲಿ” ಅಂದ ಅಮೀನಪ್ಪ. ಹೆಂಡತಿಯ ಲೆಕ್ಕದ ಮೇಲೆ ಅವನು ನಂಬಿಕೆ ಇಟ್ಟದ್ದು ಅದೇ ಮೊದಲು.

ಮುತ್ತುರಾಜನ ಸಾಲಿಯ ಹಳೆ ಪಾಟಿ, ಬಳಪ ಹೊರಬಂದವು. ಎಳೆ ಹರಿದಾಗಲೊಮ್ಮೆ ಒಂದು ಗೆರೆ. ಚೇತನಾ ರಾಟಿಗೆ ಕೂತ ದಿನ ಒಂದು ಕಡೆ, ಕೂಡದ ದಿನ ಇನ್ನೊಂದು ಕಡೆ. ಸೊಸೆಯ ಹೆಸರು ಚೊಕ್ಕವಾಗುತ್ತದೆ ಎಂಬ ಧೈರ್ಯದಲ್ಲಿ ಮಹಾನಂದಾ ಗೆರೆ ಹಾಕುತ್ತಾ ಹೋದಳು. ಎಂಟು ದಿನವಾದ ಮೇಲೆ ಎಣಿಸಿದಳು. ಎರಡನೆಯ ಸಲ ಎಣಿಸಿದಳು. ಚೇತನಾ ಕೂತ ನಾಲ್ಕು ದಿನ ಇಪ್ಪತ್ತೆಂಟು, ಮೂವತ್ತೊಂದು, ಇಪ್ಪತ್ತಾರು, ಮೂವತ್ತು. ಕೂಡದ ನಾಲ್ಕು ದಿನ ಏಳು, ಒಂಬತ್ತು, ಎಂಟು, ಏಳು.

ಸುಡುಗಾಡು ಪಾಟಿ. ಅವಳ ಪಾಟಿ, ಅವಳ ಬಳಪ, ಅವಳೇ ಎಳೆದ ಗೆರೆ, ಎಲ್ಲವೂ ಸೇರಿ ಅಮೀನಪ್ಪನ ಪರ ಸಾಕ್ಷಿ ಹೇಳುತ್ತಿದ್ದವು. ಸೆರಗಿನಿಂದ ಒಂದು ಸಲ ಒರೆಸಿದರೆ ಮುಗಿಯಿತು ಎಂದು ಅವಳಿಗೆ ಅನ್ನಿಸಿತು, ಸೆರಗು ಕೈಗೂ ಬಂದಿತ್ತು. ಒರೆಸಲಿಲ್ಲ. ಹನ್ನೊಂದು ಸುಳ್ಳು ಹೇಳಿ ಹಲ್ಲಿಯ ಸುಳ್ಳು ಹಿಡಿದವಳಿಗೆ ಈಗ ತಾನೇ ಒಂದು ಸುಳ್ಳು ಬರೆಯಲು ಆಗಲಿಲ್ಲ. ಪಾಟಿ ಒಯ್ದು ಗಂಡನ ಮುಂದಿಟ್ಟಳು. ಅಮೀನಪ್ಪ ನೋಡಿದ, ಗೆದ್ದೆನೆಂದು ನಗಲಿಲ್ಲ, ಅಷ್ಟು ಒಳ್ಳೆಯತನ ಅವನಲ್ಲಿತ್ತು. ಬೀಗರಿಗೆ ಫೋನು ಹೋಯಿತು. ಸೋಮವಾರ ಬರುತ್ತೇನೆಂದು ಹನಮಂತಪ್ಪ ಹೇಳಿದ.

ಮಹಾನಂದಾ ಅಡಿಗೆಮನೆಗೆ ಹೋದಳು. “ಚೇತನಾ, ನಾಕ ದಿನಾ ಮಗ್ಗದ ಕೋಣ್ಯಾಗ ಬರಬ್ಯಾಡವಾ” ಅಂದಳು. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ. ಇದ್ದರೂ ಇರಬಹುದೇನೋ ಎಂಬ ಒಂದು ಹುಳ ಅವಳ ತಲೆಯಲ್ಲೂ ಹೊಕ್ಕಿತ್ತು, ಅದು ಖರೆ. “ಹೂನ್ರಿ ಅತ್ತಿ” ಎಂದು ಹುಡುಗಿ ಹಿಟ್ಟು ನಾದುತ್ತಲೇ ಇದ್ದಳು.

ಶನಿವಾರ ಕಂಡಿಕೆ ಮುಗಿದಿದ್ದವು. ಚೇತನಾ ಕೂಡದ ದಿನಗಳಲ್ಲಿ ಮಹಾನಂದಾ ರಾಟಿಯನ್ನು ಹೊರಗಿನ ಕಟ್ಟೆಗೆ ಒಯ್ದು ದುರ್ಗವ್ವನ ಜೊತೆ ಮಾತಾಡುತ್ತಾ ಸುತ್ತುತ್ತಿದ್ದಳು. ಅವತ್ತು ಕಟ್ಟೆಗೆ ಹೋಗಿ ದುರ್ಗವ್ವನಿಗೆ ಮುಖ ತೋರಿಸಲು ಮನಸ್ಸಾಗಲಿಲ್ಲ. ಒಳಗೇ, ಸೊಸೆ ಕೂಡುತ್ತಿದ್ದ ಮೂಲೆಯಲ್ಲೇ ಕೂತಳು. ತಗಡಿನ ಕೆಳಗೆ ಸೆಕೆ. ಸೊಸೆ ದಿನಾ ಹಚ್ಚಿಕೊಳ್ಳುತ್ತಿದ್ದ ಫ್ಯಾನಿನ ಗುಂಡಿ ಮಣೆಯ ಪಕ್ಕದಲ್ಲೇ ಇತ್ತು, ಒತ್ತಿದಳು. ಅರ್ಧ ತಾಸಿನಲ್ಲಿ ಮಗ್ಗದ ಕಡೆಯಿಂದ ತಟ್ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ.

ಅಮೀನಪ್ಪ ತಿರುಗಿ ನೋಡದೆಯೇ ಕೂಗಿದ. “ಆ ಹುಡುಗಿ ಮತ್ತ ಒಳಗ ಬಂದ್ಲೇನು?”

“ಬಂದಿಲ್ಲ. ನಾ ಕುಂತೇನಿ.”

ಮಗ್ಗ ನಿಂತಿತು.

“ಯಾಕ್ರಿ ಸುಮ್ನಾದ್ರಿ? ಮೂವತ್ತೊಂದ ವರ್ಷ ಆದ ಮ್ಯಾಲ ನನ್ನ ಕಾಲ್ಗುಣಾನೂ ಕೆಡ್ತೇನು?” ಎಂದು ಮಹಾನಂದಾ ಕೇಳಿದಳು. ಅಮೀನಪ್ಪ ಬಗ್ಗಿ ಹರಿದ ಎಳೆಯ ತುದಿ ಹುಡುಕತೊಡಗಿದ.

ಅವಳು ರಾಟಿ ಬಿಟ್ಟು ಕೂತಲ್ಲೇ ಯೋಚಿಸಿದಳು. ಚೇತನಾ ಬಂದಾಗ ಚೇತನಾ ಒಬ್ಬಳೇ ಬರಲಿಲ್ಲ. ರಾಟಿ ಒಳಗೆ ಬಂತು, ಫ್ಯಾನು ಬಂತು. ತಾನು ಗೆರೆ ಹಾಕಿದ್ದು ಹುಡುಗಿಯ ಹೆಸರಿನ ಮುಂದೆ ಮಾತ್ರ. ಒಮ್ಮೆಗೆ ಮೂರು ಬದಲಾದದ್ದನ್ನು ನೋಡದೆ ಒಂದರ ತಲೆಗೆ ಕಟ್ಟಿದ್ದಳು. ಅವಳಪ್ಪ ಬದುಕಿದ್ದರೆ ಬೈಯುತ್ತಿದ್ದ. ಅವಳೇ ತನ್ನನ್ನು ಬೈದುಕೊಂಡಳು, ಓಣಿಯಲ್ಲಿ ಯಾರಿಗೂ ಬೈಯದ ಮಾತಿನಲ್ಲಿ.

ಭಾನುವಾರ ಬೆಳಿಗ್ಗೆ ಗೂಟದ ಹಿಂದೆ ಅಡ್ಡಡ್ಡ ಒಂದು ಹಳೆಯ ಸೀರೆ ಕಟ್ಟಿದಳು. ಆಚೆ ಯಾರಿದ್ದಾರೆ, ಏನಿದೆ ಎನ್ನುವುದು ಮಗ್ಗದಲ್ಲಿ ಕೂತವನಿಗೆ ಕಾಣಬಾರದು. ಕಂಡರೆ ಅವನ ಕೈ ತಾನಾಗಿ ಬಿರುಸಾಗುತ್ತದೆ, ಆಮೇಲೆ ಅದೊಂದು ತಕರಾರು. ಗಾಳಿ ಮಾತ್ರ ಮೊದಲಿನಂತೆಯೇ ಹಾಯಲಿ ಎಂದು ಸೀರೆಯ ಕೆಳಗೆ ಎರಡು ಗೇಣು ಜಾಗ ಬಿಟ್ಟು ಫ್ಯಾನಿನ ಕತ್ತು ತಗ್ಗಿಸಿದಳು. ಗೆರೆ ಹಾಕಲು ದುರ್ಗವ್ವನನ್ನು ಕೂರಿಸಿದಳು, ಏಕೆಂದರೆ ಅತ್ತೆ ಹಾಕಿದ ಗೆರೆ ಸೊಸೆಯ ಪರ ಇದ್ದೀತೆಂದು ಜನ ಅಂದಾರು. ರಾಚಪ್ಪನಿಗೆ ಯಾರೂ ಹೇಳಿ ಕಳಿಸಿರಲಿಲ್ಲ, ಆದರೂ ದೊಡ್ಡ ಪಟ್ಟಿ ಹಿಡಿದು ಬಂದಿದ್ದ.

“ಇದೇನ ನಾಟಕಾನೇನು?” ಅಂದ ಅಮೀನಪ್ಪ.

“ಹೌದ್ರಿ. ನಿಮ್ಮದ ಮುಖ್ಯ ಪಾರ್ಟು. ಸುಮ್ನ ನೇಯ್ರಿ.”

ಮೊದಲ ಎರಡು ತಾಸು ಸೀರೆಯ ಹಿಂದೆ ಚೇತನಾ ಒಬ್ಬಳೇ. ಫ್ಯಾನು ಬಂದ್. ರಾಟಿ ಅಲ್ಲೇ ಇದ್ದರೂ ತಿರುಗಿಸುವಂತಿಲ್ಲ, ಕೆಮ್ಮುವಂತಿಲ್ಲ. ಎರಡು ಎಳೆ ಹರಿದವು. ಆಮೇಲೆ ಚೇತನಾಳನ್ನು ಹಿಂದಿನ ಬಾಗಿಲಿನಿಂದ ದುರ್ಗವ್ವನ ಮನೆಗೆ ಕಳಿಸಿ, ಖಾಲಿ ಮೂಲೆಯಲ್ಲಿ ಫ್ಯಾನು ಹಚ್ಚಿದಳು. ಮಗ್ಗದ ಸದ್ದಿನಲ್ಲಿ ಫ್ಯಾನಿನ ಸದ್ದು ಯಾರಿಗೂ ಕೇಳುವಂತಿರಲಿಲ್ಲ. ಮುಂದಿನ ಎರಡು ತಾಸಿನಲ್ಲಿ ಒಂಬತ್ತು. ಒಂಬತ್ತನೆಯದು ಹರಿದಾಗ ಅಮೀನಪ್ಪ ಲಾಳಿ ಕೆಳಗಿಟ್ಟ.

“ಈಗ ಅಲ್ಲೆ ಆಕಿ ಅದಾಳ. ಹೌದಲ್ಲ? ನನ್ನ ಕೈಗೆ ತಿಳೀತೈತಿ” ಅಂದ.

“ಖರೆ ಮಾವಾ, ನನಗೂ ಇಲ್ಲೇ ಕುಂತಲ್ಲೆ ಮೈ ಜುಮ್ ಅಂತು. ನೆಗೆಟಿವ್” ಎಂದು ರಾಚಪ್ಪ ಸೇರಿಸಿದ.

ಮಹಾನಂದಾ ಸೀರೆ ಸರಿಸಿದಳು. ಮೂಲೆಯಲ್ಲಿ ಯಾರೂ ಇರಲಿಲ್ಲ. ಫ್ಯಾನು ಒಂದೇ, ಬೇಡ ಬೇಡ ಎನ್ನುವವರ ಹಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ, ಹಾಸಿನ ಎಳೆಗಳ ಮೇಲೆ ಆ ತುದಿಯಿಂದ ಈ ತುದಿಗೆ ಗಾಳಿ ಹಾಯಿಸುತ್ತಿತ್ತು.

ಅಮೀನಪ್ಪ ಕುಣಿಯಿಂದ ಎದ್ದು ಹೋಗಿ ಗೂಟದ ಕಡೆಯ ಎಳೆಗಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಹಪ್ಪಳದ ಹಾಗೆ ಒಣಗಿದ್ದವು. ಹತ್ತಿಯ ಎಳೆ ಒಣಗಿದರೆ ಹರಿಯುತ್ತದೆ ಎನ್ನುವುದು ಅವನಿಗೆ ತಿಳಿಯದ ವಿದ್ಯೆಯಲ್ಲ. ಅದಕ್ಕಾಗಿಯೇ ಪ್ರತಿವರ್ಷ ಹಾಸಿನ ಕೆಳಗೆ ಒದ್ದೆ ಗೋಣಿ ಹಾಸುತ್ತಾನೆ. ಆದರೆ ಗೋಣಿ ಹಾಸುವುದು ಯುಗಾದಿಯ ಮರುದಿನ. ಅವನ ಅಪ್ಪನೂ ಆವತ್ತೇ ಹಾಸುತ್ತಿದ್ದ, ಅಜ್ಜನೂ ಆವತ್ತೇ. ಯುಗಾದಿಗೆ ಮುಂಚೆ ಎಳೆ ಒಣಗಬಹುದು ಎಂದು ಈ ಮನೆತನದಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಎಳೆ ಮುಟ್ಟಿ ನೋಡುವ ಬದಲು ಅವನು ಪಂಚಾಂಗ ನೋಡಿದ್ದ, ಪಂಚಾಂಗದಲ್ಲಿ ತಪ್ಪು ಸಿಗದಿದ್ದಾಗ ಸೊಸೆಯನ್ನು ನೋಡಿದ್ದ.

“ಎಳಿ ಒಣಗ್ಯಾವ” ಅಂದ. ಆಮೇಲೆ ಫ್ಯಾನಿನ ಗುಂಡಿಯನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿ ಬಂದ್ ಮಾಡಿ ಹೊರಗೆ ಹೋದ.

ಮಹಾನಂದಾ ಗೆದ್ದಳು ಎಂದು ನೀವು ಅಂದುಕೊಂಡಿರಿ. ಅವಳೂ ಹಾಗೇ ಅಂದುಕೊಂಡಳು. ಸಂಜೆಯೊಳಗೆ ಓಣಿಯ ತುಂಬ ಸುದ್ದಿ ಹಬ್ಬಿತು: ಅಮೀನಪ್ಪನ ಮನೆಯ ಫ್ಯಾನಿನ ಕಾಲ್ಗುಣ ಸರಿಯಿಲ್ಲ. ನಾಲ್ಕು ತಾಸು ಕೂತು ತನ್ನ ಕೈಯಾರೆ ಗೆರೆ ಹಾಕಿದ ದುರ್ಗವ್ವ ಮನೆಗೆ ಹೋಗಿ ತನ್ನ ಫ್ಯಾನಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ರಾಚಪ್ಪ ತನ್ನ ಅಂಗಡಿಯ ಫ್ಯಾನಿಗೆ ತಾಮ್ರದ ದೊಡ್ಡ ಪಟ್ಟಿ ಸುತ್ತಿದ, ಹೇಗೂ ತಂದಿದ್ದ. “ಇದಕ್ಕೇನು ನಾ ಅಷ್ಟೆಲ್ಲಾ ಬಡಕೊಂಡದ್ದು?” ಎಂದು ಮಹಾನಂದಾ ಮಗನ ಮುಂದೆ ಗೋಳಾಡಿದಳು. ಮುತ್ತುರಾಜ ತಲೆ ಆಡಿಸಿದ.

ಸೋಮವಾರ ಹನಮಂತಪ್ಪ ಬಂದ. ತನ್ನನ್ನು ಯಾಕೆ ಕರೆಸಿದ್ದಾರೆಂದು ಗೊತ್ತಿಲ್ಲದೆ, ಮುಖ ಸಣ್ಣ ಮಾಡಿಕೊಂಡು ಹೊಸ್ತಿಲಲ್ಲಿ ನಿಂತ. ಅಮೀನಪ್ಪ ಎದುರು ಹೋಗಿ, “ಬರ್ರಿ ಬೀಗರ, ಹಂಗ ಒಂದೀಟ ಹೋಳಿಗಿ ಊಟಕ್ಕ ಕರದ್ನಿ” ಅಂದ. ಮನೆಯಲ್ಲಿ ಹೋಳಿಗೆಯ ಸುಳಿವೂ ಇರಲಿಲ್ಲ. ಮಹಾನಂದಾ ಹಲ್ಲು ಕಚ್ಚಿಕೊಂಡು ಬೇಳೆ ಬೇಯಲಿಟ್ಟಳು. ಬೀಗ ಉಂಡು, ಮಗಳ ಕೈಗೆ ಬಾಳೆಹಣ್ಣಿನ ಗೊನೆ ಕೊಟ್ಟು, ಏನೂ ತಿಳಿಯದೆ ಸಂತೋಷದಲ್ಲಿ ಬಸ್ಸು ಹತ್ತಿದ.

ಅವನು ಹೋದ ಮೇಲೆ ಮಹಾನಂದಾ ಸೊಸೆಯ ಪಕ್ಕ ಕೂತಳು. “ತಪ್ಪಾತವಾ. ಪಾಟಿ ನೋಡಿ ಒಂದ ದಿನಾ ನಾನೂ ನಿನ್ನ ಮ್ಯಾಲ ಸಂಶೆ ಪಟ್ಟೆ” ಅಂದಳು. ಚೇತನಾ ಬಾಳೆಹಣ್ಣು ಬಿಡಿಸುತ್ತಾ, “ಇರ್ಲಿ ಬಿಡ್ರಿ ಅತ್ತಿ” ಅಂದಳು. ಅಷ್ಟಕ್ಕೇ ಮುಗಿಯಿತೆಂದು ಮಹಾನಂದಾ ತಿಳಿದಳು.

ಆಗ ಮಗ್ಗದ ಕೋಣೆಯಿಂದ ಅಮೀನಪ್ಪ ಕರೆದ. ಒಂದು ಸೀರೆಯ ಮೈ ಮುಗಿದು ಸೆರಗಿನ ರೇಶ್ಮೆ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಹೊತ್ತು. ಅದಕ್ಕೆ ಇಬ್ಬರು ಬೇಕು, ಎದುರುಬದುರು ಕೂಡಬೇಕು, ಒಬ್ಬರು ಕೊಟ್ಟ ಎಳೆಯನ್ನು ಇನ್ನೊಬ್ಬರು ಹಿಡಿಯಬೇಕು. ಮೂವತ್ತೊಂದು ವರ್ಷ ಆ ಜಾಗದಲ್ಲಿ ಕೂತವಳು ಮಹಾನಂದಾ. ಅವಳು ಎದ್ದಳು. “ನೀ ಅಲ್ಲ. ಚೇತನಾನ ಕಳಸು. ಆಕಿನೂ ಕಲೀಲಿ” ಅಂದ ಅಮೀನಪ್ಪ.

ಚೇತನಾ ಕೈ ತೊಳೆದುಕೊಂಡು ಬಂದು, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಹಾಸಿನ ಪಕ್ಕದಲ್ಲಿ ಹಾಯ್ದು ಹೋಗಿ ಮಾವನ ಎದುರು ಕೂತಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಹಾನಂದಾಳಿಗೆ ಏನೋ ಸರಿ ಕಾಣಲಿಲ್ಲ. ಹುಡುಗಿಯ ಮುಖ ಕೆಂಪೇರಿತ್ತು, ಎದೆ ಅಲುಗುತ್ತಿರಲಿಲ್ಲ.

“ಯಾಕವಾ, ಉಸರ ಯಾಕ ಹಿಡದೀ?”

ಚೇತನಾ ಬೇಗನೆ ಉಸಿರು ಬಿಟ್ಟು, ಕಳ್ಳತನ ಮಾಡಿ ಸಿಕ್ಕವರಂತೆ ತಲೆ ತಗ್ಗಿಸಿದಳು. “ರೂಢಿ ಆಗೇತ್ರಿ ಅತ್ತಿ. ಮಗ್ಗದ ಬಾಜೂಕ ಹಾಯುವಾಗ ಹಿಂಗ ಹಿಡಕೊಂಡ ಹೋಗ್ತಿದ್ನಿ. ನನ್ನಿಂದ ಹರಿಬಾರದಲ್ಲರಿ ಅಂತ.” ಸ್ವಲ್ಪ ತಡೆದು, “ನಾನೂ ಖರೆ ಅಂತ ತಿಳಕೊಂಡಿದ್ನಿ” ಅಂದಳು.

ಮಹಾನಂದಾ ದಿನಕ್ಕೆ ಎಷ್ಟು ಎಳೆ ಹರಿದವೆಂದು ಎಣಿಸಿದ್ದಳು, ಯಾವ ತಾಸಿನಲ್ಲಿ ಎಷ್ಟು ಎಂದು ಎಣಿಸಿದ್ದಳು. ಈ ಹುಡುಗಿ ದಿನಕ್ಕೆ ಎಷ್ಟು ಸಲ ಉಸಿರು ಹಿಡಿದು ಮನೆಯೊಳಗೆ ಓಡಾಡಿದಳೆಂದು ಅವಳಿಗೆ ಗೊತ್ತಿರಲಿಲ್ಲ. ಪರೀಕ್ಷೆಯ ದಿನ ಎರಡು ತಾಸು ಸೀರೆಯ ಹಿಂದೆ ಒಬ್ಬಳೇ ಕೂತು, ತಾನು ಅಪಶಕುನ ಹೌದೋ ಅಲ್ಲವೋ ಎಂದು ಕಾಯ್ದಳಲ್ಲ, ಆಗ ಅವಳಿಗೆ ಹೇಗಾಗಿರಬೇಕು ಎಂದೂ ಕೇಳಿರಲಿಲ್ಲ.

ಅಮೀನಪ್ಪ ಎಳೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆಗೆ ನೇರವಾಗಿ ಅವನು ಆಡಿದ ಮೊದಲ ಮಾತು ಅದೇ ಇರಬೇಕು. “ನೀ ಜೋರ ಉಸರಾಡು, ತಂಗಿ. ಹರಿದ್ರ ನಾ ಗಂಟ ಹಾಕ್ತೇನಿ” ಅಂದ.

ಚೇತನಾ ಉಸಿರು ಒಳಗೆಳೆದುಕೊಂಡು ನಿಧಾನವಾಗಿ ಬಿಟ್ಟಳು. ಅಷ್ಟರಲ್ಲೇ ಒಂದು ಎಳೆ ತಟ್ ಎಂದು ಹರಿಯಿತು. ಮೂವರೂ ಅದನ್ನು ನೋಡಿದರು, ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಮೀನಪ್ಪ ಬೆರಳು ನಾಲಿಗೆಗೆ ಹಚ್ಚಿ, ಎರಡು ತುದಿ ಕೂಡಿಸಿ ಗಂಟು ಹಾಕಿದ. “ಹೂಂ, ಮುಂದಿನ ಎಳಿ ಕೊಡು” ಅಂದ.